ಕಾರಿಲ್ಲದ ದಿನದ ಹೊಗೆ

೨೦೨೫ನೇ ಇಸವಿ ಫೆಬ್ರವರಿ ೬, ಗುರುವಾರ, ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ಬೊಗೊತಾ ನಗರದಲ್ಲಿ ವರ್ಷಕ್ಕೊಮ್ಮೆ ಬರುವ ಕಾರಿಲ್ಲದ ದಿನ ಶುರುವಾಗಿ ಹತ್ತು ನಿಮಿಷವಾಗಿತ್ತು. ಪ್ರೊಫೆಸರ್ ಎವರಿಸ್ತೊ ಕಮಾರ್ಗೊ ಮೂರನೇ ಮಹಡಿಯ ತಮ್ಮ ಮನೆಯ ಹಿಂದಿನ ಬಾಲ್ಕನಿಯಲ್ಲಿ ಕಂಬಳಿ ಹೊದ್ದು ನಿಂತು, ಅಂಗೈ ಅಗಲದ ಒಂದು ಬಿಳಿ ಡಬ್ಬಿಯನ್ನು ಬಟ್ಟೆ ಒಣಹಾಕುವ ತಂತಿಗೆ ಕಟ್ಟುತ್ತಿದ್ದರು. ಆಗಲೇ ಅವರಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಡಬ್ಬಿಯನ್ನು ಬೀದಿಯ ಕಡೆ ಕಟ್ಟುವುದೇ ಸರಿಯಾದ ವಿಧಾನ. ಆದರೆ ಬೀದಿಯ ಕಡೆ ಕಟ್ಟಿದರೆ ಮಧ್ಯಾಹ್ನದ ಹೊತ್ತಿಗೆ ಅದು ಹಳೇ ಸಾಮಾನಿನ ಸಂತೆಯಲ್ಲಿ ಮಾರಾಟಕ್ಕಿರುತ್ತದೆ. ಆದ್ದರಿಂದ ಹಿತ್ತಲ ಅಂಗಳದ ಕಡೆ. ಡಬ್ಬಿಯ ಮುಖದ ಮೇಲೆ ಹತ್ತೊಂಬತ್ತು ಎಂಬ ಅಂಕಿ ಮೂಡಿತು. ಅಂದರೆ ಒಂದು ಘನಮೀಟರ್ ಗಾಳಿಯಲ್ಲಿ ಹತ್ತೊಂಬತ್ತು ಮೈಕ್ರೋಗ್ರಾಂ ಸೂಕ್ಷ್ಮ ಕಣ, ನೇರ ಶ್ವಾಸಕೋಶಕ್ಕೆ ಇಳಿಯುವಂಥದ್ದು. ನಿನ್ನೆ ಇದೇ ಹೊತ್ತಿಗೆ ನಗರಪಾಲಿಕೆಯ ಲೆಕ್ಕದಲ್ಲಿ ಇಪ್ಪತ್ತನಾಲ್ಕಿತ್ತು. ಕಮಾರ್ಗೊ ಶೀತದಿಂದ ಕಟ್ಟಿಕೊಂಡ ಮೂಗನ್ನು ಒರೆಸಿಕೊಂಡು, ಜೀವನದಲ್ಲಿ ಮೊದಲ ಬಾರಿಗೆ ತಾವೇ ಅಳೆದ ಅಂಕಿಯನ್ನು ಮಗುವಿನ ಮುಖ ನೋಡುವಂತೆ ನೋಡಿದರು.

ಮೊದಲ ಬಾರಿಗೆ ಎಂದರೆ ಯಾರೂ ನಂಬುವುದಿಲ್ಲ, ಏಕೆಂದರೆ ಹೊಗೆಯ ವಿಷಯದಲ್ಲಿ ಅವರು ವಿಶ್ವವಿದ್ಯಾಲಯದ ದೊಡ್ಡ ಹೆಸರು. ಆದರೆ ಅವರ ಸಂಶೋಧನೆ ಹೊಗೆಯ ಮೇಲಲ್ಲ, ಹೊಗೆಯ ಮೇಲೆ ಬರೆದ ಪ್ರಬಂಧಗಳ ಮೇಲೆ. ಇಂಗಾಲದ ಹೊರಸೂಸುವಿಕೆ, ಸುಸ್ಥಿರ ಅಭಿವೃದ್ಧಿ ಎಂಬ ವಿಷಯಗಳಲ್ಲಿ ಯಾವ ದೇಶ ಎಷ್ಟು ಬರೆಯಿತು, ಯಾವ ಪದದ ಪಕ್ಕ ಯಾವ ಪದ ಬಂದು ಕೂತಿತು, ಯಾರು ಯಾರನ್ನು ಉಲ್ಲೇಖಿಸಿದರು ಎಂದು ಲೆಕ್ಕ ಹಾಕಿ ಬಣ್ಣಬಣ್ಣದ ನಕ್ಷೆ ಬಿಡಿಸುವುದು ಅವರ ಕಸುಬು. ಪ್ರತಿ ನಕ್ಷೆಯಲ್ಲೂ ಎರಡು ಗೆರೆಗಳು. ಪ್ರಬಂಧಗಳ ಗೆರೆ ಏರುತ್ತದೆ. ಹೊಗೆಯ ಗೆರೆಯೂ ಏರುತ್ತದೆ. ಒಂದರ ಹೆಗಲ ಮೇಲೆ ಇನ್ನೊಂದು ಕೈ ಹಾಕಿಕೊಂಡು ಗೆಳೆಯರ ಹಾಗೆ ಗುಡ್ಡ ಹತ್ತುತ್ತವೆ. ಇದನ್ನು ಕಂಡು ಕಮಾರ್ಗೊ ಮೊದಲು ಬೆರಗಾದರು, ಆಮೇಲೆ ಬೇಸರಗೊಂಡರು, ಈಗ ಕೆಲವು ವರ್ಷಗಳಿಂದ ಬರೀ ಕೋಪ.

"ಕಮಾರ್ಗೊ ಹೋಟೆಲಿಗೆ ಹೋದ್ರೆ ಊಟ ಮಾಡಲ್ಲ, ಬೋರ್ಡಲ್ಲಿ ಎಷ್ಟು ತಿಂಡಿ ಬರೆದಿದೆ ಅಂತ ಎಣಿಸ್ಕೊಂಡು ಬರ್ತಾರೆ," ಎಂದು ವಿಭಾಗದಲ್ಲಿ ಯಾರೋ ಒಮ್ಮೆ ಹೇಳಿದ್ದರು. ಎಲ್ಲರಿಗಿಂತ ಮೊದಲು ನಕ್ಕವರು ನಿರ್ದೇಶಕಿ ಹಿಮೆನಾ ಉರ್ದಾನೆತಾ.

ಅದೇ ನಿರ್ದೇಶಕಿ ಹೋದ ವಾರ ಕರೆದು ಹೇಳಿದ್ದರು. "ನೋಡಿ ಪ್ರೊಫೆಸರೇ, ಗಾಳಿ ಅಳೆಯೋ ಹೊಸ ಪ್ರಯೋಗಾಲಯಕ್ಕೆ ಒಬ್ಬ ಮುಖ್ಯಸ್ಥರು ಬೇಕು. ಕಾರಿಲ್ಲದ ದಿನ ಗಾಳಿ ಶುದ್ಧವಾಗುತ್ತೆ ಅಂತ ನೀವು ಅಳೆದು ತೋರಿಸಿ. ಗುರುವಾರ ಸಂಜೆ ಐದಕ್ಕೆ ನಾನೇ ಬಂದು ಅಂಕಿ ಬರ್ಕೊಳ್ತೀನಿ. ಇಪ್ಪತ್ತರ ಕೆಳಗಿರಬೇಕು. ಇದ್ರೆ ಪ್ರಯೋಗಾಲಯ ನಿಮ್ಮದು. ಇಲ್ಲಾಂದ್ರೆ ನೀವು, ನಿಮ್ಮ ನಕ್ಷೆ, ಗ್ರಂಥಾಲಯದ ನೆಲಮಾಳಿಗೆ."

"ಫಲಿತಾಂಶ ಏನು ಬರ್ಬೇಕು ಅಂತ ಮೊದಲೇ ಹೇಳ್ತಿದೀರಲ್ಲ, ಮೇಡಂ."

"ಫಲಿತಾಂಶ ಆಗ್ಲೇ ವರದಿಯಲ್ಲಿ ಅಚ್ಚಾಗಿದೆ. ಅಳತೆಯೊಂದೇ ಬಾಕಿ."

ಕಮಾರ್ಗೊ ಮೇಲೆ ನಿರ್ದೇಶಕಿಗೆ ಒಂದು ಗೌರವವೂ ಇತ್ತು. ವಿಭಾಗದಲ್ಲಿ ಸೈಕಲ್ ತುಳಿದು ಬರುವವರು ಕಮಾರ್ಗೊ ಒಬ್ಬರೇ. ಇದು ನಿಜವೇ, ಆದರೆ ಕೊನೆಯ ಮೂರು ಬೀದಿಗಳ ಮಟ್ಟಿಗೆ ಮಾತ್ರ ನಿಜ. ಅಲ್ಲಿಯವರೆಗೆ ಸೈಕಲ್ ಬರುತ್ತಿದ್ದದ್ದು ಮಾವನಿಂದ ಬಂದ ಮೂವತ್ತು ವರ್ಷದ ಡೀಸೆಲ್ ಜೀಪಿನ ಬೆನ್ನಲ್ಲಿ. ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ದಿನ ಬಿಟ್ಟು ದಿನ ಗಾಡಿಗಳನ್ನು ಮನೆಯಲ್ಲೇ ಕೂರಿಸುವ ಊರದು. ಜೀಪು ಕೂತ ದಿನ ಕಮಾರ್ಗೊ ಬಸ್ಸಿನಲ್ಲಿ ಬಂದು, ಸೈಕಲ್ ಪಂಕ್ಚರ್ ಎನ್ನುತ್ತಿದ್ದರು. ದಿನ ಬಿಟ್ಟು ದಿನ ತಪ್ಪದೆ ಪಂಕ್ಚರ್ ಆಗುವ ಸೈಕಲ್ಲಿನ ಬಗ್ಗೆ ಇಷ್ಟು ವರ್ಷದಲ್ಲಿ ಯಾವ ವಿಜ್ಞಾನಿಗೂ ಅನುಮಾನ ಬಂದಿರಲಿಲ್ಲ.

ಆರೂವರೆಗೆ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬಂದಾಗ ಡಬ್ಬಿ ಮೂವತ್ತೆಂಟು ತೋರಿಸುತ್ತಿತ್ತು. ಕಮಾರ್ಗೊ ಬಗ್ಗಿ ನೋಡಿದರು. ಕೆಳಗಿನ ಬಾಲ್ಕನಿಯಲ್ಲಿ, ಕಟ್ಟಡದವರೆಲ್ಲ ಗೌರವದಿಂದ ದೋನ್ಯಾ ಎನ್ನುವ ಒತಿಲಿಯಾ ಇದ್ದಿಲ ಒಲೆ ಹಚ್ಚಿ, ಜೋಳದ ಅರೆಪಾ ರೊಟ್ಟಿ ಸುಡುತ್ತಿದ್ದರು. ಪಕ್ಕದಲ್ಲಿ ಬೀನ್ಸ್ ಕಾಳಿನ ದೊಡ್ಡ ಪಾತ್ರೆ ಸರದಿ ಕಾಯುತ್ತಿತ್ತು.

"ದೋನ್ಯಾ ಒತಿಲಿಯಾ, ಆ ಒಲೆ ಆರಿಸಿ," ಎಂದು ಕಮಾರ್ಗೊ ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದರು.

"ಯಾಕಪ್ಪ ಡಾಕ್ಟ್ರೇ, ರೊಟ್ಟಿ ಏನು ಮಾಡ್ತು ನಿಮಗೆ?"

"ಇವತ್ತು ಕಾರಿಲ್ಲದ ದಿನ."

"ನಾನೇನು ಒಲೆ ಹತ್ಕೊಂಡು ಪೇಟೆಗೆ ಹೋಗ್ತಿದೀನಾ? ಕಾರು ನಿಲ್ಸಿ ಅಂದ್ರು, ನಿಲ್ಸಿದ್ವಿ. ಒಲೆ ನಿಲ್ಸಿ ಅಂತ ಯಾರು ಹೇಳಿದ್ದು?"

"ನಾನು ಹೇಳ್ತಿದೀನಿ. ನಿಮ್ಮ ಒಂದು ರೊಟ್ಟಿಯಿಂದ ನನ್ನ ಕೆಲಸ ನೆಲಮಾಳಿಗೆಗೆ ಹೋಗುತ್ತೆ."

ಒತಿಲಿಯಾ ಬಾಯಿ ಜೋರಾದರೂ ಮನಸ್ಸು ಬೆಣ್ಣೆ. "ಕೆಲಸದ ಮಾತಾ? ಮೊದಲೇ ಹೇಳ್ಬಾರ್ದಾ?" ಎಂದವರೇ ಪಕ್ಕದಲ್ಲಿದ್ದ ಬಕೆಟ್ಟಿನ ನೀರನ್ನು ಕೆಂಡದ ಮೇಲೆ ಒಮ್ಮೆಲೇ ಸುರಿದರು. ಬೂದಿ ಮತ್ತು ಹಬೆ ಸೇರಿ, ಜ್ವಾಲಾಮುಖಿ ಎದ್ದಂತೆ ನೇರ ಮೇಲಕ್ಕೆ ಬಂತು. ಕಮಾರ್ಗೊ ಕಣ್ಣು ಬಿಡುವ ಹೊತ್ತಿಗೆ ಅವರ ಹುಬ್ಬು ಬೆಳ್ಳಗಾಗಿತ್ತು, ಡಬ್ಬಿ ನೂರ ನಲವತ್ತು ತೋರಿಸುತ್ತಿತ್ತು.

ಕೂಗಾಟ ಕೇಳಿ ಕಟ್ಟಡದ ಕಾವಲುಗಾರ ಮಿಸಾಯೆಲ್ ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿ ಬಂದ. ಸಾಧು ಮನುಷ್ಯ. ಹೇಳಿದ ಕೆಲಸ ಮಾಡುತ್ತಾನೆ, ಸಾಕು ಎನ್ನುವವರೆಗೆ ಮಾಡುತ್ತಲೇ ಇರುತ್ತಾನೆ.

"ಏನಾಯ್ತು ಡಾಕ್ಟ್ರೇ? ನಾನು ಕೆಳಗಿದ್ದೆ, ಹಾಗೇ ಬಿಟ್ಟು ಓಡಿಬಂದೆ. ಕೆಳಗೆ ನಿಮ್ಮ—"

"ಕೆಳಗಿನದು ಬಿಡು. ಮೇಲೆ ಟೆರೇಸಿನಲ್ಲಿ ಏನದು ಹೊಗೆ? ಬಾ ನನ್ನ ಜೊತೆ."

ಟೆರೇಸಿನಲ್ಲಿ ನಿವೃತ್ತ ಸಾರ್ಜೆಂಟ್ ಪೆನ್ಯುವೆಲಾ ಎದೆಮಟ್ಟದ ಕಬ್ಬಿಣದ ಒಲೆ ಹೂಡಿ, ದನದ ಪಕ್ಕೆಲುಬುಗಳನ್ನು ಸೈನಿಕರಂತೆ ಸಾಲಾಗಿ ಮಲಗಿಸುತ್ತಿದ್ದರು. ಕಾರಿಲ್ಲದೆ ಮಗಳ ಮನೆಗೆ ಹೋಗುವಂತಿಲ್ಲ, ಅದಕ್ಕೆ ಅರ್ಧ ಕಟ್ಟಡವನ್ನು ಮಧ್ಯಾಹ್ನದ ಊಟಕ್ಕೆ ಕರೆದಿದ್ದರು.

"ಸಾರ್ಜೆಂಟರೇ, ಇದನ್ನ ಈಗಲೇ ಆರಿಸ್ಬೇಕು."

"ನೀವು ಮೂರನೇ ಮಹಡಿ, ನಾನು ಟೆರೇಸು. ಹೊಗೆ ಮೇಲಕ್ಕೆ ಹೋಗುತ್ತೆ ಕಣ್ರೀ. ಶಾಲೆ ಮಕ್ಕಳಿಗೂ ಗೊತ್ತು."

ಮಾತು ಸರಿಯಾಗಿತ್ತು. ಸರಿಯಾದ ಮಾತು ಕೇಳಿದಾಗ ಬರುವಷ್ಟು ಸಿಟ್ಟು ಕಮಾರ್ಗೊಗೆ ತಪ್ಪು ಮಾತಿಗೂ ಬರುತ್ತಿರಲಿಲ್ಲ. ಅವರು ಒಲೆಯ ಕಡೆ ಕೈ ಚಾಚಿ ನಿಂತರು.

ಸಾರ್ಜೆಂಟ್ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಇದು ಮನವಿಯೋ, ಆದೇಶವೋ?"

"ಆದೇಶ."

"ಹಾಗಾದ್ರೆ ಸರಿ. ಮನವಿ ಆಗಿದ್ರೆ ಖಂಡಿತ ಒಪ್ತಿರ್ಲಿಲ್ಲ." ಅವರು ಒಲೆಗೆ ಮುಚ್ಚಳ ಹಾಕಿದರು. ಮುಖ ಮಾತ್ರ ಸೋತ ಸೇನೆಯದಾಗಿತ್ತು.

"ಮಿಸಾಯೆಲ್, ನೀನು ಇಲ್ಲೇ ನಿಲ್ಲು. ಯಾರೂ ಈ ಮುಚ್ಚಳ ಮುಟ್ಟಬಾರದು. ನಾನು ಹೇಳೋವರೆಗೂ ಕದಲಬೇಡ."

"ಆಯ್ತು ಡಾಕ್ಟ್ರೇ. ಆದ್ರೆ ಒಂದ್ಸಲ ಕೆಳಗೆ ಹೋಗಿ ಬಂದ್ಬಿಡ್ತೀನಿ, ನಿಮ್ಮದೇ ಒಂದು—"

"ನನ್ನದು ಏನೇ ಇದ್ರೂ ಐದು ಗಂಟೆಗೆ ಹೇಳು. ಅಲ್ಲೀವರೆಗೆ ಒಂದು ಮಾತು ಬೇಡ."

"ಕೇಳಿಸ್ತಾ?" ಎಂದು ಸಾರ್ಜೆಂಟ್ ಮಿಸಾಯೆಲ್ ಕಡೆ ತಿರುಗಿದರು. ಊಟ ಕೆಟ್ಟ ಮೇಲೆ ಅವರಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಒಂದು ಕುರ್ಚಿ ತಂದು ಹಾಕಿಕೊಂಡು, ಕಾವಲುಗಾರನನ್ನು ಕಾಯುತ್ತಾ ಕೂತರು.

ಒಂಬತ್ತು ಗಂಟೆಗೆ ಡಬ್ಬಿ ಎಪ್ಪತ್ತೊಂದು. ಕಮಾರ್ಗೊ ಅದನ್ನು ಅಲ್ಲಾಡಿಸಿದರು, ಒರೆಸಿದರು, ಬೈದರು. ಎಪ್ಪತ್ತಮೂರಾಯಿತು.

ನಾಲ್ಕನೇ ಮಹಡಿಯಿಂದ ತಂಬಾಕಿನ ಘಾಟು ಇಳಿಯುತ್ತಿದೆ ಎಂದು ಒತಿಲಿಯಾ ಕೆಳಗಿನಿಂದ ವರದಿ ಕೊಟ್ಟರು. ಅಲ್ಲಿ ಯಮೀಲೆ ಎಂಬಾಕೆ ಚುಟ್ಟ ಸೇದಿ, ಬೂದಿ ನೋಡಿ ಭವಿಷ್ಯ ಹೇಳುತ್ತಿದ್ದಳು. ಕಮಾರ್ಗೊ ಬಾಗಿಲು ಬಡಿದಾಗ ಬಾಯಲ್ಲಿ ಬೆರಳು ದಪ್ಪದ ಚುಟ್ಟ ಕಚ್ಚಿಕೊಂಡೇ ತೆರೆದಳು.

"ಬನ್ನಿ ಡಾಕ್ಟ್ರೇ, ಕೂತ್ಕೊಳ್ಳಿ. ನಿಮ್ಮದೇ ಬೂದಿ ಬಂದಿದೆ ಇವತ್ತು."

"ಅದನ್ನ ಆರಿಸಮ್ಮ. ನಿನ್ನಿಂದ ನನ್ನ ಗಾಳಿ ಕೆಡ್ತಾ ಇದೆ."

ಯಮೀಲೆ ಬೂದಿಯನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದಳು. "ನಿಮ್ಮ ಕಾಲ ಕೆಳಗೆ ಏನೋ ಉರೀತಾ ಇದೆ. ಬೆಳಿಗ್ಗೆಯಿಂದ ಉರೀತಾ ಇದೆ."

"ಅದು ನಿನ್ನ ಚುಟ್ಟ."

"ನಾನು ನಿಮ್ಮ ತಲೆ ಮೇಲೆ ಇರೋದು, ಡಾಕ್ಟ್ರೇ. ಬೂದಿ ಹೇಳ್ತಿರೋದು ಕಾಲ ಕೆಳಗೆ."

"ನಾನು ವಿಜ್ಞಾನಿ," ಎಂದು ಕಮಾರ್ಗೊ ಗರ್ಜಿಸಿ, ಚುಟ್ಟವನ್ನು ಅವಳ ಕಣ್ಣೆದುರೇ ಹೂದಾನಿಯ ನೀರಿಗೆ ಅದ್ದಿದರು. ಯಮೀಲೆ ಹೂದಾನಿಯೊಳಗೆ ಇಣುಕಿದಳು. ಆವತ್ತಿಗೆ ಅದೊಂದೇ ಚುಟ್ಟ ಉಳಿದಿತ್ತು ಎಂದಳು. ಅದು ಸುಳ್ಳೆಂದು ಸಂಜೆ ಗೊತ್ತಾಯಿತು.

ಅವರು ಕೆಳಗಿಳಿದು ಬಂದಾಗ ಇನ್ನೊಂದು ಅನಾಹುತವಾಗಿತ್ತು. ಕಟ್ಟಡದ ಮನೆಗಳ ಕೀಲಿಗಳೆಲ್ಲ ಒತಿಲಿಯಾ ಬಳಿ ಇರುತ್ತವೆ. ಡಾಕ್ಟ್ರ ಕಷ್ಟ ನೋಡಲಾರದೆ ಅವರು ಒಳಗೆ ಹೋಗಿ, ಬಾಲ್ಕನಿಯಲ್ಲಿ ನಿಂತು, ಡಬ್ಬಿಯ ಮೂತಿಗೇ ಹಿಡಿದು ಮಲ್ಲಿಗೆ ವಾಸನೆಯ ಸ್ಪ್ರೇಯನ್ನು ಅರ್ಧ ಡಬ್ಬ ಖಾಲಿ ಮಾಡಿದ್ದರು.

"ಎಷ್ಟು ಘಮ ನೋಡಿ ಈಗ. ಗಾಳಿ ಹೊಸದಾಯ್ತು."

ಡಬ್ಬಿ ಆರುನೂರ ಹನ್ನೆರಡು ತೋರಿಸುತ್ತಿತ್ತು. ಕಮಾರ್ಗೊ ಸ್ಪ್ರೇ ಡಬ್ಬವನ್ನು ಕಿತ್ತುಕೊಂಡರು.

ಮಧ್ಯಾಹ್ನ ಹನ್ನೆರಡಕ್ಕೆ ಅವರು ಮೆಟ್ಟಿಲ ಮೇಲೆ ನಿಂತು ಇಡೀ ಕಟ್ಟಡವನ್ನು ಕರೆದರು. ಜನ ತಟ್ಟೆ ಹಿಡಿದೇ ಬಂದರು, ಸಾರ್ಜೆಂಟರ ಊಟ ಇನ್ನೂ ಇದೆಯೇನೋ ಎಂಬ ಆಸೆಯಿಂದ. ಕಮಾರ್ಗೊ ಒಳಗೆ ಇಷ್ಟು ವರ್ಷ ಕೂಡಿಟ್ಟ ಸಿಟ್ಟು ಆಗ ಹೊರಬಂತು.

"ಪ್ರಪಂಚದಲ್ಲಿ ಎಲ್ರೂ ಹೊಗೆ ಬಗ್ಗೆ ಬರೀತಾರೆ. ವಿಮಾನ ಹತ್ತಿ ಸಮ್ಮೇಳನಕ್ಕೆ ಹೋಗಿ, ಹೊಗೆ ಕಮ್ಮಿ ಮಾಡ್ಬೇಕು ಅಂತ ಭಾಷಣ ಮಾಡಿ, ವಿಮಾನದಲ್ಲೇ ವಾಪಸ್ ಬರ್ತಾರೆ. ನಾನು ಅವರು ಬರೆದಿದ್ದನ್ನೆಲ್ಲ ಎಣಿಸಿದೀನಿ. ಪ್ರತಿಯೊಬ್ಬನೂ ಪಕ್ಕದವನು ನಿಲ್ಲಿಸ್ಲಿ ಅಂತ ಬರ್ದಿದಾನೆ. ನಾನು ನಿಲ್ಲಿಸ್ತೀನಿ ಅಂತ ಒಬ್ಬನೂ ಬರ್ದಿಲ್ಲ. ಒಂದು ದಿನ, ಒಂದೇ ಒಂದು ದಿನ, ಈ ಒಂದು ಕಟ್ಟಡದಲ್ಲಿ ಯಾರೂ ಏನೂ ಸುಡದೆ ಇರೋಕೆ ಆಗಲ್ವಾ? ತನ್ನ ಹೊಗೆ ತನಗೆ ಕಾಣದಷ್ಟು ಕುರುಡಾ ಮನುಷ್ಯ?"

ಕೊನೆಯ ಮಾತು ಎಲ್ಲರಿಗೂ ನಾಟಿತ್ತು. ಕಟ್ಟಡದಲ್ಲಿ ಒಂದೊಂದೇ ಒಲೆ ಆರಿತು. ಊಟಕ್ಕೆ ತಣ್ಣನೆಯ ಬ್ರೆಡ್ಡು, ತಣ್ಣನೆಯ ಬೆಲ್ಲದ ನೀರು. ಬೊಗೊತಾದ ಚಳಿಯಲ್ಲಿ ಅದನ್ನು ಕುಡಿದವರಿಗೆ ಹಲ್ಲು ಕಟಕಟಿಸಿತು. ಒತಿಲಿಯಾ ಒಳಗೆ ಗ್ಯಾಸಿನ ಮೇಲೆ ಅರ್ಧ ಬೆಂದಿದ್ದ ಬೀನ್ಸ್ ಕಾಳಿನ ಮೇಲೆ ತಟ್ಟೆ ಮುಚ್ಚಿ, ಶವಕ್ಕೆ ಮಾಡುವಂತೆ ಶಿಲುಬೆಯ ಗುರುತು ಮಾಡಿದರು.

ಎರಡು ಗಂಟೆಗೆ ಡಬ್ಬಿ ತೊಂಬತ್ತಾರು. ಮೂರು ಗಂಟೆಗೆ ನೂರ ನಾಲ್ಕು.

ಕಮಾರ್ಗೊ ಬಾಲ್ಕನಿಯ ಕಂಬಿ ಹಿಡಿದು ನಿಂತರು. ಕೆಳಗೆ ಅಂಗಳದಲ್ಲಿ ಹೂಕುಂಡಗಳ ಹಿಂದೆ ಒಂದು ಕಬ್ಬಿಣದ ಜಾಲರಿ ಇತ್ತು. ದಿನವೂ ಅದರ ಮೇಲೆ ಮಲಗುವ ಬೂದು ಬೆಕ್ಕು ಇವತ್ತು ಕಾಣಲಿಲ್ಲ. ಬೆಕ್ಕಿಗೂ ತಮ್ಮ ಮೇಲೆ ಕೋಪ ಬಂದಿರಬೇಕು ಎಂದುಕೊಂಡರು. ನೆಲದಡಿಯ ನೀರಿನ ಪಂಪು ಬೆಳಿಗ್ಗೆಯಿಂದ ಒಂದೇ ಸಮನೆ ಗುರುಗುಟ್ಟುತ್ತಿತ್ತು. ಅದನ್ನೂ ಬೈಯಬೇಕಿತ್ತು, ಪುರುಸೊತ್ತಾಗಿರಲಿಲ್ಲ. ಡೀಸೆಲ್ ವಾಸನೆ ಬರುತ್ತಿದೆ ಎಂದು ಯಾರೋ ಅಂದರು. ಬಸ್ಸುಗಳು ಓಡುತ್ತಿವೆಯಲ್ಲ ಎಂದು ಇನ್ನಾರೋ ಉತ್ತರ ಕೊಟ್ಟರು. ಆ ಊರಿನಲ್ಲಿ ಡೀಸೆಲ್ ವಾಸನೆಗೆ ಮೂಗು ಮುಚ್ಚಿಕೊಳ್ಳುವವರು ಹೊರಗಿನಿಂದ ಬಂದವರು ಮಾತ್ರ.

ನಾಲ್ಕು ಗಂಟೆ ಮೂವತ್ತೈದು ನಿಮಿಷಕ್ಕೆ ಪಂಪಿನ ಗುರುಗುಟ್ಟುವಿಕೆ ಎರಡು ಸಲ ಕೆಮ್ಮಿ ನಿಂತಿತು. ಕಮಾರ್ಗೊ ಅದನ್ನು ಗಮನಿಸಲಿಲ್ಲ. ಅವರ ಕಣ್ಣು ಡಬ್ಬಿಯ ಮೇಲಿತ್ತು. ತೊಂಬತ್ತು. ಐವತ್ತೆರಡು. ಮೂವತ್ತು. ಹದಿನೆಂಟು. ಗುಡ್ಡದಿಂದ ಕಲ್ಲುರುಳಿದ ಹಾಗೆ ಅಂಕಿ ಇಳಿಯಿತು. ಹನ್ನೆರಡಕ್ಕೆ ಬಂದು ನಿಂತಾಗ ಅವರ ಕಣ್ಣಲ್ಲಿ ನೀರಿತ್ತು.

ಐದಕ್ಕೆ ಹತ್ತು ನಿಮಿಷ ಮುಂಚೆ ನಿರ್ದೇಶಕಿ ಉರ್ದಾನೆತಾ, ಕಾರಿಲ್ಲದ ದಿನಕ್ಕೂ ವಿನಾಯಿತಿ ಇರುವ ಟ್ಯಾಕ್ಸಿಯಲ್ಲಿ ಬಂದಿಳಿದರು. ಅವರ ಹಿಂದೆ ಒತಿಲಿಯಾ, ಸಾರ್ಜೆಂಟ್, ಯಮೀಲೆ ಎಲ್ಲರೂ ಬಾಲ್ಕನಿಯಲ್ಲಿ ತುಂಬಿಕೊಂಡರು. ಹಸಿದ ಹೊಟ್ಟೆಯಾದರೂ ತಮ್ಮ ತ್ಯಾಗದ ಫಲ ನೋಡಬೇಕಲ್ಲ.

"ಹನ್ನೆರಡು. ಭೇಷ್," ಎಂದರು ನಿರ್ದೇಶಕಿ. "ಸರಿಯಾಗಿ ಐದಕ್ಕೆ ಬರ್ಕೊಳ್ತೀನಿ." ಆಮೇಲೆ ಡಬ್ಬಿಗೆ ಹೊಂದಿಸಿದ್ದ ಮೊಬೈಲಿನಲ್ಲಿ ದಿನವಿಡೀ ಬಿದ್ದ ಗೆರೆ ನೋಡಿ ಕನ್ನಡಕ ಸರಿಮಾಡಿಕೊಂಡರು. "ಇದೇನು, ಬೆಳಿಗ್ಗೆಯಿಂದ ಬೆಟ್ಟ, ನಾಲ್ಕು ಮೂವತ್ತೈದಕ್ಕೆ ಪ್ರಪಾತ?"

"ಜನರ ಸಹಕಾರ, ಮೇಡಂ," ಎಂದರು ಕಮಾರ್ಗೊ, ಎದೆಯುಬ್ಬಿಸಿ. "ಅವರಲ್ಲಿ ಅರಿವು ಮೂಡಿಸಿದೆ."

"ನಮಗೆ ಹನ್ನೆರಡು ಗಂಟೆಗೇ ಮೂಡಿತ್ತಲ್ಲ," ಎಂದರು ಒತಿಲಿಯಾ. "ಆವಾಗಿಂದ ನಾನು ಒಂದು ಕಡ್ಡಿ ಗೀರಿಲ್ಲ."

"ನಾನು ಬೆಳಿಗ್ಗೆ ಏಳಕ್ಕೆ ಶರಣಾದೆ," ಎಂದರು ಸಾರ್ಜೆಂಟ್.

"ಹಾಗಾದ್ರೆ ನಾಲ್ಕು ಮೂವತ್ತೈದಕ್ಕೆ ನಿಂತಿದ್ದು ಏನು?" ನಿರ್ದೇಶಕಿ ಕೇಳಿದರು.

ಆಗ ಬಾಗಿಲಲ್ಲಿ ಮಿಸಾಯೆಲ್ ಕಾಣಿಸಿಕೊಂಡ. ಸಾರ್ಜೆಂಟ್ ಕೆಳಗಿಳಿದ ಮೇಲೆ ಅವನಿಗೂ ಬಿಡುಗಡೆ ಸಿಕ್ಕಿತ್ತು. ಮುಖ ಬಿಸಿಲಿಗೆ ಕೆಂಪಾಗಿತ್ತು. ಟೊಪ್ಪಿ ಕೈಯಲ್ಲಿತ್ತು.

"ಡಾಕ್ಟ್ರೇ, ಐದಾಗ್ತಾ ಬಂತು. ಈಗ ಹೇಳ್ಲಾ?"

ಕಮಾರ್ಗೊಗೆ ಅವನ ಮೇಲೆ ಅಪಾರ ವಾತ್ಸಲ್ಯ ಉಕ್ಕಿತು. ತಮ್ಮ ಆಜ್ಞೆ ಪಾಲಿಸಿದ ಒಬ್ಬನೇ ಮನುಷ್ಯ. "ಹೇಳಪ್ಪ. ಎಲ್ಲರ ಮುಂದೇನೇ ಹೇಳು."

"ಕೆಳಗೆ ಗ್ಯಾರೇಜಿನಲ್ಲಿ ನಿಮ್ಮ ಜೀಪು ಬೆಳಿಗ್ಗೆ ಆರೂವರೆಯಿಂದ ಓಡ್ತಾ ಇತ್ತು. ಹೊರಗೆ ತೆಗೀದ ದಿನ ಸ್ಟಾರ್ಟ್ ಮಾಡಿಡು, ಬ್ಯಾಟರಿ ಸಾಯುತ್ತೆ ಅಂತ ನೀವೇ ಹೇಳಿದ್ದಲ್ವಾ. ಸ್ಟಾರ್ಟ್ ಮಾಡಿದ್ದೆ, ಅಷ್ಟ್ರಲ್ಲಿ ನೀವು ಕೂಗಿದ್ರಿ. ಆರಿಸೋಕೆ ಹೋಗ್ತೀನಿ ಅಂದ್ರೆ ಬಿಡ್ಲಿಲ್ಲ. ಈಗ ಬರ್ತಾ ಇಣುಕಿ ನೋಡ್ದೆ, ತಾನಾಗೇ ನಿಂತಿದೆ. ಡೀಸೆಲ್ ಪೂರ್ತಿ ಮುಗ್ದಿದೆ."

ಬಾಲ್ಕನಿಯಲ್ಲಿದ್ದವರೆಲ್ಲ ಒಟ್ಟಿಗೆ ಕಂಬಿಯ ಮೇಲೆ ಬಗ್ಗಿ, ಹೂಕುಂಡಗಳ ಹಿಂದಿನ ಜಾಲರಿಯನ್ನು ನೋಡಿದರು. ಅದು ಗ್ಯಾರೇಜಿನ ಗಾಳಿ ಹೊರಬಿಡುವ ಬಾಯಿ. ಜಾಲರಿಯ ಸುತ್ತಿನ ಗೋಡೆ ಒಲೆಯ ಬಾಯಿಯಂತೆ ಕರ್ರಗಾಗಿತ್ತು. ಕಾರಿಲ್ಲದ ದಿನ ಗ್ಯಾರೇಜಿಗೆ ಇಳಿಯುವ ಕೆಲಸ ಯಾರಿಗಿರುತ್ತದೆ?

"ಕಾಲ ಕೆಳಗೆ ಅಂದಿದ್ದೆ," ಎಂದಳು ಯಮೀಲೆ, ಮೆಲ್ಲಗೆ.

"ಜೀಪು?" ಎಂದರು ನಿರ್ದೇಶಕಿ. "ಪ್ರೊಫೆಸರ್ ಸೈಕಲ್ಲಿನಲ್ಲಿ ಬರ್ತಾರಲ್ಲ?"

"ಹೌದಮ್ಮ, ಸೈಕಲ್ ಅದರ ಹಿಂದೆ ಇರುತ್ತೆ," ಎಂದ ಮಿಸಾಯೆಲ್, ಯಜಮಾನರಿಗೆ ಒಳ್ಳೆಯದಾಗಲಿ ಎಂದು.

ಕಮಾರ್ಗೊ ಯಾರ ಮೇಲೆ ಸಿಟ್ಟಾಗಬೇಕೆಂದು ಸುತ್ತ ನೋಡಿದರು. ಯಾರೂ ಉಳಿದಿರಲಿಲ್ಲ.

ನಿರ್ದೇಶಕಿ ಗಡಿಯಾರ ನೋಡಿಕೊಂಡರು. ವರದಿ ಅಚ್ಚಾಗಿತ್ತು. "ನೋಡಿ ಪ್ರೊಫೆಸರೇ, ನನಗೆ ಬೇಕಾಗಿರೋದು ಐದು ಗಂಟೆಯ ಅಂಕಿ. ಈಗ ಹನ್ನೆರಡಿದೆ. ಐದಕ್ಕೂ ಹನ್ನೆರಡೇ ಇದ್ರೆ, ಜೀಪಿನ ವಿಷಯ ನನ್ನ ಕಿವಿಗೆ ಬಿದ್ದಿಲ್ಲ."

ಕಮಾರ್ಗೊ ಮುಖಕ್ಕೆ ಜೀವ ಬಂತು. "ಇನ್ನು ಆರೇ ನಿಮಿಷ, ಮೇಡಂ. ಕೂತ್ಕೊಳ್ಳಿ."

ಒತಿಲಿಯಾ ಸಾರ್ಜೆಂಟರನ್ನು ನೋಡಿದರು. ಸಾರ್ಜೆಂಟ್ ಯಮೀಲೆಯನ್ನು ನೋಡಿದರು. "ನನ್ನ ಬೀನ್ಸ್ ಕಾಳು ಹಳಸಿಹೋಯ್ತು," ಎಂದರು ಒತಿಲಿಯಾ, ಯಾರಿಗೂ ಅಲ್ಲದ ಹಾಗೆ. ಮೂವರೂ ಸಾಲಾಗಿ ಹೊರಗೆ ನಡೆದರು.

ಕೆಳಗಿನ ಬಾಲ್ಕನಿಯಲ್ಲಿ ಬೆಂಕಿಕಡ್ಡಿ ಗೀರಿದ ಸದ್ದು. ಒದ್ದೆ ಇದ್ದಿಲ ಮೇಲೆ ಎಣ್ಣೆ ಸುರಿದ ಸದ್ದು. ಟೆರೇಸಿನಿಂದ ಹೊರಲಾರದ ಏನನ್ನೋ ಮೆಟ್ಟಿಲ ಮೇಲೆ ದಡದಡ ಇಳಿಸಿಕೊಂಡು ಬಂದು, ಕಮಾರ್ಗೊ ಅವರ ಅಡಿಯಲ್ಲೇ ಅಂಗಳದಲ್ಲಿ ಇಟ್ಟ ಸದ್ದು, ಹಿಂದೆಯೇ ಬೀಸಣಿಗೆಯ ಪಟಪಟ. ಮೇಲಿನಿಂದ ಯಮೀಲೆ ಕಂಬಿಯ ಆಚೆ ತಲೆ ಹಾಕಿದಳು. ಬಾಯಲ್ಲಿ ಒಂದಲ್ಲ, ಎರಡು ಚುಟ್ಟ. ಡಬ್ಬಿಯ ನೇರಕ್ಕೆ ಸಾವಧಾನವಾಗಿ ಊದಿದಳು.

"ದೋನ್ಯಾ ಒತಿಲಿಯಾ," ಎಂದು ಕೂಗಲು ಹೋದ ಕಮಾರ್ಗೊಗೆ ಕೆಮ್ಮು ಬಂತು.

"ಇದು ಮನವಿಯೋ ಆದೇಶವೋ?" ಎಂದು ಹೊಗೆಯೊಳಗಿನಿಂದ ಸಾರ್ಜೆಂಟರ ಧ್ವನಿ ಕೇಳಿತು.

ನಿರ್ದೇಶಕಿ ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದು ಕೈಯಲ್ಲಿ ಪೆನ್ನು ತೆಗೆದರು. ಐದು ಗಂಟೆಗೆ ಡಬ್ಬಿ ತೋರಿಸಿದ್ದು ಪ್ರತಿ ಘನಮೀಟರಿಗೆ ಇನ್ನೂರ ಮೂವತ್ತೆಂಟು ಮೈಕ್ರೋಗ್ರಾಂ.